ಬಾಲ್ಯವಿವಾಹದ ಕಥೆ ಕಾಡು ಸೇರಿದ್ದು ಹೇಗೆ?

ಮಧುಗಿರಿ: ತುಮಕೂರು ಜಿಲ್ಲೆಯ ಉತ್ತರ ಭಾಗದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿವೆ. ಮಳೆಯನ್ನೇ ನಂಬಿದ ಈ ಬಯಲುಸೀಮೆಯಲ್ಲಿ ಶಾಲೆ ಬಿಟ್ಟ ಹುಡುಗಿಯ ಬಗ್ಗೆ ಮನೆಯಲ್ಲಿ ಏಳುವ ಮುಂದಿನ ಮಾತು ಹೆಚ್ಚಾಗಿ ಮದುವೆಯದೇ. ಸಂಜೆಯಾದರೆ ಇದೇ ಮನೆಗಳಲ್ಲಿ ಧಾರಾವಾಹಿಗಳ ಸದ್ದು. ಕಿರುತೆರೆಯೇ ಬಾಲ್ಯವಿವಾಹವನ್ನು ಕಥಾವಸ್ತುವಾಗಿ ಎತ್ತಿಕೊಂಡಾಗ ಹುಟ್ಟಿದ ನಿರೀಕ್ಷೆ ಸಣ್ಣದಾಗಿರಲಿಲ್ಲ.

ಹಿಂದಿಯಲ್ಲಿ 2008ರಲ್ಲಿ ಆರಂಭವಾದ ‘ಬಾಲಿಕಾ ವಧು’ವನ್ನು ಆಧರಿಸಿದ ‘ಪುಟ್ಟಗೌರಿ ಮದುವೆ’ ಈಟಿವಿ ಕನ್ನಡದಲ್ಲಿ ಶುರುವಾಗಿ, 2015ರಲ್ಲಿ ಆ ವಾಹಿನಿ ಕಲರ್ಸ್ ಕನ್ನಡವಾದ ಮೇಲೂ ಮುಂದುವರಿಯಿತು. ಆಟವಾಡುವ ವಯಸ್ಸಿನಲ್ಲಿ ತಾಳಿ ಕಟ್ಟಿಸಿಕೊಂಡ ಹುಡುಗಿಯ ದಿಗಿಲು ಆರಂಭದ ಕಂತುಗಳ ಜೀವಾಳವಾಗಿತ್ತು. ಗೌರಿ ದೊಡ್ಡವಳಾದ ಮೇಲೆ ಸವತಿ, ಸಂಚು, ಕೊಲೆಯತ್ನಗಳೇ ಕಥೆಯಾದವು. ನಾಯಕಿ ಬೆಟ್ಟದಿಂದ ಬಿದ್ದೂ ಬದುಕಿ ಕಾಡು ಅಲೆದ ಪ್ರಸಂಗ ನಗೆಪಾಟಲಿಗೆ ಈಡಾಯಿತು.

ರೂಢಿ ಹೋಗಿ ಖಳನಾಯಕಿ

ಈ ಪತನಕ್ಕೆ ಕಾರಣ ಉದ್ಯಮದ ರೀತಿಯಲ್ಲೇ ಇದೆ. ವಾರಕ್ಕೆ ಐದಾರು ಕಂತು. ಪ್ರತಿ ಕಂತಿನ ಕೊನೆಗೊಂದು ಕುತೂಹಲ. ವಾರವಾರವೂ ಟಿಆರ್‌ಪಿ ಪರೀಕ್ಷೆ. ರೂಢಿಯ ವಿರುದ್ಧದ ಹೋರಾಟ ನಿಧಾನವಾದದ್ದು, ದಿನಕ್ಕೊಂದು ತಿರುವು ಕೊಡದು. ಆದ್ದರಿಂದ ರೂಢಿಯ ಜಾಗದಲ್ಲಿ ಒಬ್ಬ ಕೆಟ್ಟ ಹೆಂಗಸನ್ನು ತಂದು ನಿಲ್ಲಿಸಲಾಗುತ್ತದೆ. ಅಪ್ಪ, ಅಮ್ಮ, ಬಂಧುಬಳಗ, ಕರೆದ ತಕ್ಷಣ ಉಣ್ಣಲು ಹೋಗುವ ಊರು ಎಲ್ಲರೂ ಹಂಚಿಕೊಳ್ಳಬೇಕಾದ ತಪ್ಪು ಅವಳೊಬ್ಬಳ ಪಾಲಾಗುತ್ತದೆ. ನೋಡುಗ ನಿರ್ದೋಷಿಯಾಗಿ ಎದ್ದು ಹೋಗುತ್ತಾನೆ. ನಷ್ಟವಿರುವುದು ಇಲ್ಲಿ.

ಇದೇ ನಾಡಿನಲ್ಲಿ ಬೇರೆ ಮಾದರಿಯೂ ಇತ್ತು. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿ ಪ್ರೇಮಾ ಕಾರಂತರು 1983ರಲ್ಲಿ ನಿರ್ದೇಶಿಸಿದ ‘ಫಣಿಯಮ್ಮ’ ಬಾಲವಿಧವೆಯೊಬ್ಬಳ ಬಾಳನ್ನು ಒಂದೇ ಚಿತ್ರದಲ್ಲಿ ಹೇಳಿ ಮುಗಿಸಿತು. ಅಲ್ಲಿ ಪ್ರೇಕ್ಷಕನ ಸಿಟ್ಟು ತಿರುಗುವುದು ವ್ಯಕ್ತಿಯ ಮೇಲಲ್ಲ, ಆಚಾರದ ಮೇಲೆ.

ಹೇಳದೆ ಉಳಿದ ಕಥೆ

ಸಮಸ್ಯೆಯಂತೂ ಮುಗಿದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 20ರಿಂದ 24 ವರ್ಷದ ಮಹಿಳೆಯರ ಪೈಕಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಕರ್ನಾಟಕದ 2016ರ ತಿದ್ದುಪಡಿ ಬಾಲ್ಯವಿವಾಹವನ್ನು ಮೂಲದಲ್ಲೇ ಅಸಿಂಧು ಎನ್ನುತ್ತದೆ. ಕೇಂದ್ರದ 2006ರ ಕಾಯ್ದೆಯಲ್ಲಾದರೋ, ಸಾಮಾನ್ಯವಾಗಿ, ಬಾಲ್ಯದಲ್ಲಿ ಮದುವೆಯಾದವರೇ ನ್ಯಾಯಾಲಯಕ್ಕೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ಮೂರು ಕಡೆ ಆಂಧ್ರಪ್ರದೇಶ ಸುತ್ತುವರಿದ, ಗಡಿಯಾಚೆಗೂ ನೆಂಟಸ್ತಿಕೆ ಬೆಳೆಸಿರುವ ಪಾವಗಡಕ್ಕೆ ಈ ವ್ಯತ್ಯಾಸ ಬರಿಯ ಕಾನೂನಿನ ಮಾತಲ್ಲ.

ಹಾಜರಿ ಪುಸ್ತಕದಲ್ಲಿ ಗೈರಾದ ಹೆಸರು, ಅದನ್ನು ಗಮನಿಸಿದ ಶಿಕ್ಷಕಿ, 1098ಕ್ಕೆ ಕರೆ ಮಾಡಲು ಹಿಂಜರಿಯುವ ಗೆಳತಿ, ಚಪ್ಪರದ ಮುಂದೆ ಬಂದು ನಿಂತ ಅಧಿಕಾರಿ, ಮದುವೆ ನಿಂತ ಮರುದಿನ ಹುಡುಗಿ ಎದುರಿಸಬೇಕಾದ ಮನೆ: ನಾಟಕಕ್ಕೆ ಇಷ್ಟು ಸಾಲದೇ? ಇವು ಯಾವುದಕ್ಕೂ ಕಾಡು ಬೇಕಿಲ್ಲ. ಮುಗಿಸಬೇಕಾದ ಕಡೆ ಮುಗಿಸುವ ಧೈರ್ಯವಷ್ಟೇ ಬೇಕು.