ಎಳೆಗೆ ಮತ್ತೆ ಗಂಜಿ

ಇಚಲಕರಂಜಿಯ ಓಣಿ ಹೊಕ್ಕರೆ ಮೊದಲು ಕಿವಿಗೆ ಬೀಳುವುದು ಮಗ್ಗದ ಖಟಖಟ. 1904ರಲ್ಲಿ ವಿಠ್ಠಲರಾವ್ ದಾತಾರರು ಇಲ್ಲಿ ಮೊದಲ ಪವರ್‌ಲೂಮ್ ಹೂಡಿದಾಗ ಶುರುವಾದ ಸದ್ದು ಅದು. ಹಾಸಿನ ನೂಲನ್ನು ಇಲ್ಲಿ ಯಾರೂ ನೇರವಾಗಿ ಮಗ್ಗಕ್ಕೆ ಏರಿಸುವುದಿಲ್ಲ. ಮೊದಲು ಸೈಜಿಂಗ್‌ಗೆ ಕಳಿಸಿ ಗಂಜಿ ಹಿಡಿಸುತ್ತಾರೆ. ಗಂಜಿ ಕಾಣದ ಎಳೆ ತಿಕ್ಕಾಟಕ್ಕೆ ಜುಂಗೆದ್ದು ತುಂಡಾಗುತ್ತದೆ.

ಮಿದುಳು, ಬೆನ್ನುಹುರಿಯ ನರಗಳಿಗೂ ಇಂಥದೊಂದು ಲೇಪವಿದೆ: ಮಯಲಿನ್. ಲೇಪವಿರುವ ದಪ್ಪ ನರದಲ್ಲಿ ಸುದ್ದಿ ಸೆಕೆಂಡಿಗೆ 100 ಮೀಟರ್‌ವರೆಗೂ ಓಡುತ್ತದೆ. ಲೇಪವಿಲ್ಲದ ಸಣ್ಣ ನರದಲ್ಲಿ 1 ಮೀಟರ್ ಆಸುಪಾಸು. (ಹೋಲಿಕೆ ಇಲ್ಲಿಗೇ ಸಾಕು. ನೇಯ್ಗೆ ಮುಗಿದ ಮೇಲೆ ಗಂಜಿ ತೊಳೆದುಹೋಗುತ್ತದೆ, ಮಯಲಿನ್ ಸಾಯುವತನಕ ಬೇಕು.) ಮೈಕಾಯುವ ರಕ್ಷಣಾ ಕೋಶಗಳೇ ಈ ಲೇಪವನ್ನು ಕೆರೆದುಹಾಕುವ ಕಾಯಿಲೆ ಮಲ್ಟಿಪಲ್ ಸ್ಕ್ಲೆರೋಸಿಸ್. 1868ರಲ್ಲಿ ಪ್ಯಾರಿಸ್ಸಿನ ಶಾರ್ಕೋ ಇದನ್ನು ವಿವರಿಸಿದ. 20ರಿಂದ 40ರ ಪ್ರಾಯದವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಹೆಚ್ಚು.

ಬಿಳಿಯರ ರೋಗ, ನಮಗೇಕೆ ಅದರ ಚಿಂತೆ ಎನ್ನುವವರಿದ್ದರು. ಮಂಗಳೂರಿನ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ನಗರದಲ್ಲಿ ಎಣಿಸಿ 2014ರಲ್ಲಿ ಲೆಕ್ಕ ಕೊಟ್ಟರು: ಲಕ್ಷ ಜನರಲ್ಲಿ ಸುಮಾರು 8 ಮಂದಿ.

ಈಗಿರುವ ಔಷಧಗಳು ರಕ್ಷಣಾ ಕೋಶಗಳಿಗೆ ಲಗಾಮು ಹಾಕಿ ಹೊಸ ದಾಳಿ ತಪ್ಪಿಸುತ್ತವೆ. ಹೋದ ಲೇಪ ತರುವುದಿಲ್ಲ. ಲೇಪ ಹಚ್ಚಬಲ್ಲ ಎಳೆಯ ಕೋಶಗಳು ಮಿದುಳಲ್ಲೇ ಇವೆ, ಆದರೆ ಹಳೆಯ ಮಯಲಿನ್ನಿನ ಕಸ ಬಿದ್ದಲ್ಲಿ ಅವು ಕೆಲಸಕ್ಕೆ ಇಳಿಯವು. ಆ ಕಸ ತಿಂದು ಚೊಕ್ಕಟ ಮಾಡುವವರು ಯಾರು? ಅವೂ ರಕ್ಷಣಾ ಕೋಶಗಳೇ! ಮುದಿ ಇಲಿಗೆ ಎಳೆ ಇಲಿಯ ರಕ್ತಸಂಚಾರ ಜೋಡಿಸಿದ 2012ರ ಪ್ರಯೋಗದಲ್ಲಿ, ಎಳೆ ಇಲಿಯಿಂದ ಹರಿದುಬಂದ ಕೋಶಗಳು ಕಸ ಬಳಿದವು, ಮುದಿ ನರಕ್ಕೆ ಲೇಪ ಮರಳಿತು.

ನನಗೆ ಹೆಚ್ಚು ಹಿಡಿಸಿದ್ದು ಬೆಲ್‌ಫಾಸ್ಟಿನ ಕತೆ. ಅಲ್ಲಿನ ವಿಜ್ಞಾನಿ ಡೆನೀಸ್ ಫಿಟ್ಜ್‌ಜೆರಾಲ್ಡ್ 21ನೇ ವಯಸ್ಸಿನಲ್ಲಿ ಇದೇ ಬಗೆಯ ಬೆನ್ನುಹುರಿಯ ಕಾಯಿಲೆಗೆ ಸಿಕ್ಕಿ ನಡಿಗೆಯನ್ನೇ ಹೊಸದಾಗಿ ಕಲಿತವರು. ರಕ್ಷಣಾ ಪಡೆಯ ಹದ್ದುಬಸ್ತು ನೋಡುವ 'ರೆಗ್ಯುಲೇಟರಿ ಟಿ ಕೋಶ'ಗಳು ಲೇಪ ಹಚ್ಚುವ ಕೋಶಗಳನ್ನೂ ಬಲಿಸುತ್ತವೆಂದು ಅವರ ತಂಡ 2017ರಲ್ಲಿ ಇಲಿಗಳಲ್ಲಿ ತೋರಿಸಿತು. ಆ ಕೋಶಗಳ ಮೂಲ ಶೋಧಕ್ಕೆ 2025ರ ನೊಬೆಲ್ ಸಂದಿತು. ರಕ್ಷಣಾ ಕೋಶಗಳನ್ನೆಲ್ಲ ಸಾರಾಸಗಟಾಗಿ ವೈರಿ ಎಂದು ಬಗೆದದ್ದು ಅವಸರವೇ ಆಯಿತು.

ಲೇಪ ಮರಳೀತೇ ಎಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 50 ರೋಗಿಗಳಿಗೆ ಕ್ಲೆಮಾಸ್ಟಿನ್ ಎಂಬ ಹಳೆಯ ಅಲರ್ಜಿ ಮಾತ್ರೆ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶವೂ 2017ರಲ್ಲೇ ಹೊರಬಂತು. ಕಣ್ಣಿನ ನರದಲ್ಲಿ ಸುದ್ದಿಯ ಓಟ ತುಸು ಚುರುಕಾಯಿತು. ಆದರೆ ಮುಂದಿನ ಇನ್ನೊಂದು ಪ್ರಯೋಗದಲ್ಲಿ ಕೆಲವರ ಸ್ಥಿತಿ ಅದರಿಂದಲೇ ಬಿಗಡಾಯಿಸಿತು. ಆದ್ದರಿಂದ ಅಂಗಡಿಯಿಂದ ಮಾತ್ರೆ ತಂದು ನುಂಗುವ ಸಾಹಸ ಬೇಡ.

ಒಂದು ಕಣ್ಣು ದಿಢೀರನೆ ಮಂಜಾಗಿ, ಹೊರಳಿಸಿದರೆ ನೋವಾಗುತ್ತಿದ್ದರೆ, ಕಾಲಿನ ಜೋಮು ದಿನ ಕಳೆದರೂ ಇಳಿಯದಿದ್ದರೆ, ಇಚಲಕರಂಜಿಯವರು ಕೊಲ್ಹಾಪುರಕ್ಕೆ, ಗಡಹಿಂಗ್ಲಜದವರು ಬೇಕಾದರೆ ಬೆಳಗಾವಿಗೆ ಹೋಗಿ ನರರೋಗ ತಜ್ಞರನ್ನು ಕಾಣಿ. ತಾನಾಗಿಯೇ ಕಡಿಮೆಯಾಯಿತೆಂದು ಅರ್ಧ ದಾರಿಯಿಂದ ತಿರುಗಿ ಬರಬೇಡಿ. ಈ ರೋಗ ಹೆಚ್ಚಿನವರಲ್ಲಿ ಮೊದಮೊದಲು ಹಾಗೆ ಇಳಿದು ಮತ್ತೆ ಬರುತ್ತದೆ.