ನೊಗ ಇಳಿಸುವ ಹೊತ್ತು

ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದ ಸೀಮೆಗೆ ಹೋದವರು ಮೊದಲು ಕಾಣುವುದು ತೆಂಗನ್ನು. ಕಡೆಗೆ ಕಾಣುವುದೂ ತೆಂಗನ್ನೇ. ನಡುವೆ ಕಾಣುವ ಮನುಷ್ಯರೂ ದನಕರುಗಳೂ ಆ ಮರಗಳ ಮನೆಗೆ ಬಂದ ನೆಂಟರಂತೆ ತೋರುವರು. ಇಲ್ಲಿಯ ಕಾಯಿಗೆ ಅವಸರವೆಂಬುದಿಲ್ಲ. ಅಟ್ಟವೇರಿದ ಕಾಯಿ ಹತ್ತು ಹನ್ನೆರಡು ತಿಂಗಳು ಕತ್ತಲಲ್ಲಿ ಕುಳಿತು, ಒಳಗಿನ ನೀರನ್ನು ತಾನೇ ಹೀರಿಕೊಂಡು, ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆ ಕೊಬ್ಬರಿಯಾದ ಮೇಲೆಯೇ ತಿಪಟೂರಿನ ಮಾರುಕಟ್ಟೆಯ ದಾರಿ ಹಿಡಿಯುವುದು. ಕಾಯುವುದನ್ನು ಇಷ್ಟು ಚೆನ್ನಾಗಿ ಬಲ್ಲ ನಾಡಿನಲ್ಲಿ ಮೊನ್ನೆ ಒಂದು ಅವಸರದ ಪ್ರಶ್ನೆ ನನಗೆ ಎದುರಾಯಿತು.

ನನ್ನ ಅಣ್ಣನ ಮಗ, ಓದು ಮುಗಿಸಿ ಊರಿಗೆ ಬಂದಿರುವ ತರುಣ, ಹಳೆಯ ಸೈಕಲ್ಲಿನ ಎರಡು ಚಕ್ರಗಳ ಮೇಲೆ ಹಲಗೆ ಬಡಿದು ಒಂದು ಪುಟ್ಟ ಗಾಡಿಯನ್ನು ಮಾಡಿದ್ದ. ಗಾಡಿಯ ತುಂಬ ಸುಲಿದ ಕಾಯಿಯ ಮಟ್ಟೆ. ಮುಂದೆ ತೋಟ ಕಾಯುವ ನಾಯಿ ಕರಿಯ. ಕರಿಯನ ಕೊರಳಿಗೆ ಹಗ್ಗ. “ಚಿಕ್ಕಪ್ಪ, ನಾಯಿಗಳು ಭಾರ ಎಳೆಯುವ ಪಂದ್ಯ ಅಮೆರಿಕದಲ್ಲಿ ದೊಡ್ಡದಾಗಿ ನಡೆಯುತ್ತಂತೆ. ನಾವೂ ಒಂದು ಸಂಘ ಕಟ್ಟಿದರೆ ಹೇಗೆ? ಮೊದಲು ದಬ್ಬೇಘಟ್ಟ, ಆಮೇಲೆ ತಿಪಟೂರು, ಚಿಕ್ಕನಾಯಕನಹಳ್ಳಿ...” ಸಂಘ ಹುಟ್ಟುವ ಮುನ್ನವೇ ಅದಕ್ಕೆ ಶಾಖೆಗಳು ಹುಟ್ಟಿದ್ದವು. ಅಷ್ಟರಲ್ಲಿ ಕರಿಯ ನಾಲ್ಕು ಹೆಜ್ಜೆ ಎಳೆದು, ಕೆಮ್ಮಿ, ನೆಲ ಹಿಡಿದು ಕುಳಿತಿತು. ಜಗಲಿಯ ಮೇಲಿದ್ದ ಅಣ್ಣ ಒಂದು ಕಾಲಕ್ಕೆ ಹಳ್ಳಿಕಾರ್ ಎತ್ತು ಕಟ್ಟಿ ಗಾಡಿ ಹೊಡೆದವನು. ಮಗನ ಕಡೆ ತಿರುಗದೆಯೇ ಅಂದ: “ನೊಗ ಹೂಡೋದನ್ನ ಯಾರು ಬೇಕಾದ್ರೂ ಕಲೀತಾರೆ. ಇಳಿಸೋ ಹೊತ್ತು ಗೊತ್ತಿರಬೇಕು ಕಣಪ್ಪ.”

ಮಗನ ಪ್ರಶ್ನೆಗೆ ತಂದೆಯ ಮಾತೇ ಉತ್ತರವೆಂದು ನನಗೆ ಅಂದೇ ಅನ್ನಿಸಿತು. ಆದರೆ ಹಿರಿಯರ ಒಂದು ಮಾತಿನಿಂದ ತರುಣರ ಉತ್ಸಾಹವನ್ನು ಮುಚ್ಚಿಹಾಕುವುದು ನ್ಯಾಯವಲ್ಲ. ಆ ಆಟವಾದರೂ ಏನೆಂಬುದನ್ನು ಮೊದಲು ನೋಡಬೇಕು.

ನಾಯಿಯು ಭಾರ ಎಳೆಯುವುದು ಹೊಸ ಸಂಗತಿಯೇನೂ ಅಲ್ಲ. ಹಿಮದ ನಾಡುಗಳಲ್ಲಿ ಜಾರುಬಂಡಿಗೆ ನಾಯಿಯೇ ಎತ್ತು. ಬೆಲ್ಜಿಯಂ ದೇಶದಲ್ಲಿ ಹಾಲಿನ ಗಾಡಿಗಳನ್ನು ಅವು ಎಳೆದವು. ಮೊದಲ ಮಹಾಯುದ್ಧದಲ್ಲಿ ಮೆಷಿನ್ ಗನ್ನುಗಳನ್ನೂ ಎಳೆದವು. ಇಂಗ್ಲೆಂಡಿನವರು ನಾಯಿಗಾಡಿಗಳ ಗೋಳನ್ನು ಕಂಡು, 1839ರ ಕಾನೂನಿನಿಂದ ಲಂಡನ್ನಿನಲ್ಲಿಯೂ 1854ರಲ್ಲಿ ದೇಶದಲ್ಲೆಲ್ಲ ಅವನ್ನು ನಿಷೇಧಿಸಿದರು. ಜಾಕ್ ಲಂಡನ್ನನು 1903ರಲ್ಲಿ ಪ್ರಕಟಿಸಿದ ‘ದಿ ಕಾಲ್ ಆಫ್ ದಿ ವೈಲ್ಡ್’ ಕಾದಂಬರಿಯನ್ನು ಓದಿದ ವಿದ್ಯಾರ್ಥಿಗಳಿಗೆ, ಬಕ್ ಎಂಬ ನಾಯಿಯು ಸಾವಿರ ಪೌಂಡಿನ, ಎಂದರೆ ಸುಮಾರು 450 ಕಿಲೋ ಭಾರದ, ಬಂಡಿಯನ್ನು ಹಿಮದಿಂದ ಕಿತ್ತು ಎಳೆದ ಪ್ರಸಂಗವು ನೆನಪಿರಬಹುದು. ಅದನ್ನು ಓದುವಾಗ ಮೈನವಿರೇಳುತ್ತದೆ. ಪುಸ್ತಕ ಮುಚ್ಚಿದ ಮೇಲೆ ಒಂದು ಸಣ್ಣ ಸಂದೇಹವೂ ಏಳುತ್ತದೆ: ಪಣ ಕಟ್ಟಿದವನು ಯಜಮಾನ, ಎಳೆದದ್ದು ನಾಯಿ.

ಇಂದಿನ ಪಂದ್ಯವು ಈ ಸಂದೇಹಕ್ಕೆ ನಿಯಮಗಳ ಮೂಲಕ ಉತ್ತರ ಹೇಳಲು ಯತ್ನಿಸಿದೆ. ಅಮೆರಿಕದಲ್ಲಿ 1984ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಭಾರ ಎಳೆತದ ಸಂಘದ ಪದ್ಧತಿಯಂತೆ, ನಾಯಿಯು ಗಾಡಿಯನ್ನೋ ಜಾರುಬಂಡಿಯನ್ನೋ ಹದಿನಾರು ಅಡಿ ದೂರ ಒಂದು ನಿಮಿಷದೊಳಗೆ ಎಳೆಯಬೇಕು. ಮೈತೂಕಕ್ಕೆ ತಕ್ಕಂತೆ ನಾಯಿಗಳನ್ನು ವರ್ಗ ಮಾಡುತ್ತಾರೆ. ಎಳೆಯುವ ಪಟ್ಟಿ ಕೊರಳಿಗಲ್ಲ, ಎದೆಗೂ ಹೆಗಲಿಗೂ ಮೆತ್ತಗೆ ಕೂರುವಂಥದು. ಯಜಮಾನನು ನಾಯಿಯನ್ನು ಮುಟ್ಟುವಂತಿಲ್ಲ, ತಿಂಡಿಯ ಆಸೆ ತೋರಿಸುವಂತಿಲ್ಲ. ದೂರದಲ್ಲಿ ನಿಂತು ಕರೆಯಬಹುದು, ಅಷ್ಟೆ. ಬಂದರೆ ಬಂತು, ಬರದಿದ್ದರೆ ಇಲ್ಲ. ಬಾರದ ನಾಯಿಗೆ ಜನ ಕೈಗೂಡಿಸಿ ಗಾಡಿಯನ್ನು ಗೆರೆ ದಾಟಿಸುವುದೂ ಉಂಟು. ಸೋತೆನೆಂಬ ಭಾವವು ಆ ಮೂಕಪ್ರಾಣಿಯಲ್ಲಿ ಉಳಿಯಬಾರದೆಂದು. ಈ ಕೊನೆಯ ಪದ್ಧತಿಯನ್ನು ಕೇಳಿದಾಗ, ನಮ್ಮ ಪರೀಕ್ಷೆಯ ಮಂಡಲಿಗಳವರು ಇದನ್ನು ಸ್ವಲ್ಪ ಗಮನಿಸಬಾರದೇ ಎಂದುಕೊಂಡೆ.

ನಮ್ಮಲ್ಲಿ ಭಾರ ಎಳೆಯುವ ಪಂದ್ಯಕ್ಕೆ ಒಡೆಯ ಎತ್ತು. ರಾಯಚೂರಿನಲ್ಲಿ ಕಾರಹುಣ್ಣಿಮೆಯ ಕಾಲಕ್ಕೆ ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಹಬ್ಬದಲ್ಲಿ ಒಂದೂವರೆ ಟನ್ನಿನಿಂದ ಎರಡೂವರೆ ಟನ್ನಿನವರೆಗೆ ತೂಗುವ ಕಲ್ಲುಗಳನ್ನು ಜೋಡಿ ಎತ್ತುಗಳು ಎಳೆಯುತ್ತವೆ. ಗೊತ್ತಾದ ಸಮಯದಲ್ಲಿ ಎಷ್ಟು ದೂರ ಎಳೆದವೆಂಬುದೇ ಗೆಲುವಿನ ಲೆಕ್ಕ. ಮೊದಲ ಮಳೆಗೆ ಮುಂಚೆ, ಹೊಲಕ್ಕೆ ಇಳಿಯಲಿರುವ ಎತ್ತಿನ ಕಸುವನ್ನು ಊರೆಲ್ಲ ನೋಡಿ ಹಿಗ್ಗುವ ಸಂಭ್ರಮವದು. ನಮ್ಮ ತುರುವೇಕೆರೆ ಸೀಮೆಯದು ಓಟಕ್ಕೂ ಗಾಡಿಗೂ ಹೆಸರಾದ ಹಳ್ಳಿಕಾರ್ ತಳಿ. ತಾಲ್ಲೂಕಿನ ಕುಣಿಕೇನಹಳ್ಳಿಯಲ್ಲಿಯೇ ಆ ತಳಿಯ ಸಂವರ್ಧನ ಕೇಂದ್ರವುಂಟು. ನಾಯಿಗಳಲ್ಲಿ ಕನ್ನಡನಾಡಿನ ಕೀರ್ತಿಯನ್ನು ಹೊತ್ತದ್ದು ಮುಧೋಳ. ಆದರೆ ಅದು ದೃಷ್ಟಿಯಿಂದ ಬೇಟೆಯನ್ನು ಹಿಡಿದು ಗಾಳಿಯಂತೆ ಓಡುವ ಜಾತಿ. ಅದರ ತೆಳುನಡುವಿಗೆ ಗಾಡಿ ಕಟ್ಟುವುದು ವೀಣೆಯಿಂದ ಗೂಟ ಹೊಡೆದಂತೆ. ಅಂಚೆ ಇಲಾಖೆಯು ಹಳ್ಳಿಕಾರಿಗೆ 2000ದಲ್ಲಿ, ಮುಧೋಳಕ್ಕೆ 2005ರಲ್ಲಿ ಚೀಟಿಯ ಗೌರವ ಕೊಟ್ಟಿತು. ಗೌರವ ಸಮಾನ, ಕೆಲಸ ಬೇರೆ. ಸಂಘ ಕಟ್ಟುವವರು ತಿಳಿಯಬೇಕಾದ ಮೊದಲ ಪಾಠವಿದು.

ಎರಡನೆಯ ಪಾಠ ಕಾನೂನಿನದು. ಎತ್ತು ಕೋಣಗಳ ಪಂದ್ಯವು ನಮ್ಮ ಕಾಲದಲ್ಲಿ ಸುಪ್ರೀಂ ಕೋರ್ಟಿನ ಬಾಗಿಲವರೆಗೆ ಹೋಗಿ ಬಂದಿದೆ. 2014ರ ಮೇ 7ರ ತೀರ್ಪು ಜಲ್ಲಿಕಟ್ಟನ್ನೂ ಎತ್ತಿನ ಗಾಡಿಯ ಓಟವನ್ನೂ ನಿಲ್ಲಿಸಿತು. ಕರ್ನಾಟಕವು 2017ರಲ್ಲಿ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಓಟಕ್ಕೂ ದಾರಿ ಮಾಡಿತು. 2023ರ ಮೇ 18ರಂದು ಸಂವಿಧಾನ ಪೀಠವು ಅದನ್ನು ಎತ್ತಿಹಿಡಿಯಿತು. ಆ ತಿದ್ದುಪಡಿಯಲ್ಲಿ ನಾಯಿಯ ಹೆಸರಿಲ್ಲ. ಪರಂಪರೆಯ ಕೊಡೆಯ ಕೆಳಗೆ ಅದು ನಿಲ್ಲಲಾರದು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಬಿಸಿಲಿನಲ್ಲಿಯೇ ನಿಲ್ಲಬೇಕು. ಟಿಕೆಟ್ಟು ಮಾರಿ ಪ್ರಾಣಿಯ ಆಟವನ್ನು ತೋರಿಸಬೇಕಾದರೆ ಮೊದಲು ನೋಂದಣಿಯಾಗಬೇಕೆಂದು ಆ ಕಾಯಿದೆ ಹೇಳುತ್ತದೆ; ರೋಗಿಯಾದ, ಮುದಿಯಾದ, ಅಶಕ್ತವಾದ ಪ್ರಾಣಿಯಿಂದ ದುಡಿಸುವುದು ಅಪರಾಧವೆನ್ನುತ್ತದೆ. ಇದರಲ್ಲಿ ಒಂದು ಚೋದ್ಯವಿದೆ: ಏಳು ಜನ ಕೂಡಿದರೆ ಸಂಘವನ್ನು ನೋಂದಾಯಿಸಬಹುದೆಂಬ ನಮ್ಮ ರಾಜ್ಯದ ಕಾಯಿದೆಯೂ 1960ರದೇ. ಕೂಡುವ ಹಕ್ಕನ್ನು ಒಂದು ಕೊಟ್ಟಿತು, ಕೂಡಿದವರ ಕೈಯನ್ನು ಇನ್ನೊಂದು ಹಿಡಿಯಿತು.

ಮೂರನೆಯ ಪಾಠವನ್ನು ಗಾಡಿಯ ಚಕ್ರವೇ ಕಲಿಸುತ್ತದೆ. “ಅಲ್ಲಿಯ ನಾಯಿಗಳು ಟನ್ನುಗಟ್ಟಲೆ ಎಳೆಯುತ್ತವೆ” ಎಂದು ನಮ್ಮ ಹುಡುಗ ಬೆರಗಾಗಿದ್ದ. ಆದರೆ ಗಟ್ಟಿ ನೆಲದ ಮೇಲೆ ಉರುಳುವ ಗಾಡಿಯನ್ನು ಎಳೆಯಲು ಅದರ ತೂಕದ ಒಂದು ಚಿಕ್ಕ ಪಾಲಿನಷ್ಟು ಬಲ ಸಾಕು. ಮಳೆ ಬಿದ್ದ ಕೆಮ್ಮಣ್ಣಿನಲ್ಲಿ ಅದೇ ಗಾಡಿ ಎತ್ತನ್ನೂ ಮಂಡಿಯೂರಿಸುತ್ತದೆ. ನೆಲ, ಚಕ್ರ, ಇಳಿಜಾರುಗಳನ್ನು ಹೇಳದೆ ಭಾರವನ್ನು ಮಾತ್ರ ಹೇಳಿದರೆ ಅದು ಅಂಕಿಯೇ ಹೊರತು ಸತ್ಯವಲ್ಲ. ಆದುದರಿಂದ ಸಂಘಕ್ಕೆ ಒಂದೇ ಗಾಡಿ, ಒಂದೇ ಅಂಗಳ, ಒಂದೇ ತಕ್ಕಡಿ ಇರಬೇಕು. ಹೋಲಿಕೆಯನ್ನು ನಾಯಿಯ ಮೈತೂಕದೊಡನೆ ಮಾಡಬೇಕು. ಅದಕ್ಕಿಂತ ಒಳ್ಳೆಯದು, ನಾಯಿಯನ್ನು ನಿನ್ನೆಯ ಅದೇ ನಾಯಿಯೊಡನೆ ಹೋಲಿಸುವುದು.

ನಾಲ್ಕನೆಯದು ಬಿಸಿಲು. ಹಿಮದಲ್ಲಿ ಹುಟ್ಟಿದ ಆಟವನ್ನು ನಾವು ತೆಂಗಿನ ನಾಡಿಗೆ ತರುತ್ತಿದ್ದೇವೆಂಬುದನ್ನು ಮರೆಯಬಾರದು. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಅಂಗಾಲಿನಲ್ಲಿ ಅಷ್ಟಿಷ್ಟು. ಅದರ ಬೇಗೆ ಇಳಿಯುವುದು ನಾಲಗೆ ಚಾಚಿ ಏದುವುದರಿಂದ. ಏದುಸಿರು ಮೀರಿತೆಂದರೆ ಪ್ರಾಣಕ್ಕೇ ಮುಳುವು. ಹೊರೆ ಹೊರುವ, ಗಾಡಿ ಎಳೆಯುವ ಪ್ರಾಣಿಗಳಿಗಾಗಿ 1965ರಲ್ಲಿ ಮಾಡಿದ ನಿಯಮಗಳು, ದಿನಕ್ಕೆ ಒಂಬತ್ತು ಗಂಟೆಗೆ ಮೀರಿ ದುಡಿಸಬಾರದು, ಬಿಡುವಿಲ್ಲದೆ ಐದು ಗಂಟೆಗೆ ಮೀರಬಾರದು, 37 ಡಿಗ್ರಿ ಮೀರಿದ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೂಡಲೇಬಾರದು ಎನ್ನುತ್ತವೆ. ದಿನವೆಲ್ಲ ದುಡಿಯಲು ಹುಟ್ಟಿದ ಎತ್ತಿಗೇ ಈ ರಕ್ಷೆ ಬೇಕಾದರೆ, ಆಟಕ್ಕೆ ಬಂದ ನಾಯಿಗೆ ಎಷ್ಟು ಬೇಕು! ಕಾರ್ತಿಕ ಮಾರ್ಗಶಿರಗಳ ಮುಂಜಾವು, ಮರದ ನೆರಳು, ಪಕ್ಕದಲ್ಲಿ ನೀರು, ಒಬ್ಬ ಪಶುವೈದ್ಯ, ಹುಚ್ಚುನಾಯಿ ರೋಗಕ್ಕೆ ಲಸಿಕೆ ಹಾಕಿಸಿದ ದಾಖಲೆ: ಇಷ್ಟಿಲ್ಲದೆ ಸಂಘದ ಬಾಗಿಲು ತೆರೆಯಕೂಡದು.

ಇನ್ನು ಸಂಘ ಬೆಳೆಯುವುದು ಹೇಗೆ? ನಮ್ಮ ನಾಡಿನಲ್ಲಿ ಸಂಘಗಳು ಹುಟ್ಟುವುದು ಭಾಷಣದಿಂದ, ಸಾಯುವುದು ಲೆಕ್ಕದಿಂದ. ಬಹುಮಾನದ ಹಣ ಹೆಚ್ಚಿದಂತೆ ಜನ ಹೆಚ್ಚುವರು, ಜನ ಹೆಚ್ಚಿದಂತೆ ಭಾರ ಹೆಚ್ಚುವುದು, ಭಾರ ಹೆಚ್ಚಿದಂತೆ ಯಜಮಾನನ ಕೋಪ ಹೆಚ್ಚುವುದು. ಇದು ಬೆಳವಣಿಗೆಯಲ್ಲ, ಊತ. ಬದಲಾಗಿ, ಹೊಸದಾಗಿ ಬಂದವನಿಗೆ ಮೊದಲ ಕೆಲವು ತಿಂಗಳು ಬರಿಯ ಗಾಡಿ. ಎಲುಬು ಬಲಿಯದ ಮರಿಗೆ ಅದೂ ಇಲ್ಲ. ಪಣಕ್ಕೆ ಜಾಗವಿಲ್ಲ. ಆಟವನ್ನು ನಿಲ್ಲಿಸುವ ಅಧಿಕಾರವುಳ್ಳ ಒಬ್ಬನು ಕಣದಲ್ಲಿ ಯಾವಾಗಲೂ ಇರತಕ್ಕದ್ದು. ಅವನು “ಸಾಕು” ಎಂದರೆ ಅಧ್ಯಕ್ಷನ ನಾಯಿಯೂ ಗಾಡಿ ಬಿಡಬೇಕು. ಭಾರ ಏರಿಸಲು ಯಾವ ಸಂಘವೂ ಬೇಕಿಲ್ಲ. ಒಬ್ಬ ಹಟಮಾರಿ ಸಾಕು. ಭಾರ ಇಳಿಸುವ ಧೈರ್ಯಕ್ಕೆ ಹತ್ತು ಜನರ ಬೆಂಬಲ ಬೇಕು. ಸಂಘ ಬೇಕಾದದ್ದು ಅದಕ್ಕಾಗಿ.

ಕನ್ನಡಿಗರಿಗೆ ನಾಯಿಯ ಪೌರುಷವು ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು ಕ್ರಿ.ಶ. 949-50ರ ಕಾಲದ್ದು. ಗಂಗರ ಬೂತುಗನು ತನ್ನ ವೀರನಾದ ಮಣಲೇರನಿಗೆ ಮೆಚ್ಚು ಕೊಡಲು ಬಂದಾಗ, ಆತ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿಯು ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲನ್ನು ಇಂದಿಗೂ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಸತ್ತ ನಾಯಿಗೆ ಕಲ್ಲು ನೆಟ್ಟವರ ಹೃದಯ ದೊಡ್ಡದು, ಸಂದೇಹವಿಲ್ಲ. ಆದರೆ ಕಲ್ಲು ನೆಡುವ ಪ್ರಸಂಗವೇ ಬಾರದಂತೆ ನಾಯಿಯನ್ನು ನೋಡಿಕೊಂಡ ಸಂಘವಿದ್ದರೆ, ಅದರ ಹೃದಯವನ್ನು ಇನ್ನೂ ಒಂದು ಗೇಣು ದೊಡ್ಡದೆನ್ನುತ್ತೇನೆ.

ಇಷ್ಟೆಲ್ಲವನ್ನು ನಾನು ಹೇಳಿದ ಮೇಲೆ ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕರಿಯನ ಕೊರಳಿನ ಹಗ್ಗವನ್ನು ತಾನೇ ಬಿಚ್ಚಿದ. ಅತ್ತಿಗೆ ಹಳೆಯ ಕಂಬಳಿಯ ತುಂಡೊಂದನ್ನು ಎದೆಪಟ್ಟಿಗೆಂದು ಮಡಿಸಿ ಹೊಲಿಯಲು ಕುಳಿತರು. “ಇದೂ ಒಂದು ಆಗಬೇಕಾಗಿತ್ತು” ಎಂದರೂ ಹೊಲಿಗೆ ಮಾತ್ರ ಅಚ್ಚುಕಟ್ಟಾಗಿತ್ತು. ಮರುದಿನ ಬೆಳಗ್ಗೆ ಬರಿಯ ಗಾಡಿಯನ್ನು ಕಟ್ಟಿ ಹುಡುಗ ದೂರ ನಿಂತು ಕರೆದ. ಕರಿಯ ಒಮ್ಮೆ ಅವನನ್ನೂ ಒಮ್ಮೆ ಗಾಡಿಯನ್ನೂ ನೋಡಿ, ಆಕಳಿಸಿ, ಮಲಗಿತು. ಅಣ್ಣ ಜಗಲಿಯಿಂದ ನಕ್ಕ.

ಹುಡುಗ ಒಂದು ಹೊಸ ನೋಟುಪುಸ್ತಕದಲ್ಲಿ ತಾರೀಖು ಹಾಕಿ ಸಂಘದ ಮೊದಲ ದಾಖಲೆಯನ್ನು ಬರೆದ: ‘ನಾಯಿ: ಕರಿಯ. ಭಾರ: ಇಲ್ಲ. ಇಂದು ಎಳೆಯಲು ಅದಕ್ಕೆ ಮನಸ್ಸಿರಲಿಲ್ಲ.’ ಅದನ್ನು ಓದಿದಾಗ, ಈ ಸಂಘ ಬೆಳೆದರೂ ಬೆಳೆದೀತು ಎಂದು ನನಗೆ ಮೊದಲ ಸಲ ಅನ್ನಿಸಿತು.