ಕಲ್ಲಣಬೆಯೂ ಅಡಿಕೆಯ ಕೊಳೆರೋಗವೂ

ಮುಂಗಾರಿನ ಮೊದಲ ಮಳೆಗಳು ಬಿದ್ದು ಕೆಲವು ದಿನಗಳಾಗುವುದೇ ತಡ, ಮಂಗಳೂರಿನ ಪೇಟೆಗೆ ಕಲ್ಲಣಬೆ ಬರುತ್ತದೆ. ಗೋಲಿಯಂತಿರುವ ಈ ಉಂಡೆಗಳನ್ನು ಜನರು ಹೇಳಿದ ಕ್ರಯ ಕೊಟ್ಟು ಕೊಂಡೊಯ್ಯುವರು. ಅದೇ ಮಳೆಯು ಮತ್ತೆ ಕೆಲವು ವಾರ ಹಿಡಿದು ಸುರಿದರೆ ತೋಟಗಳಲ್ಲಿ ಎಳೆ ಅಡಿಕೆ ಉದುರತೊಡಗುತ್ತದೆ. ಒಂದರಿಂದ ಲಾಭ, ಇನ್ನೊಂದರಿಂದ ನಷ್ಟ. ಆದರೆ ಎರಡರ ಬಾಳುವೆಯ ರೀತಿಯೂ ಬಹುಮಟ್ಟಿಗೆ ಒಂದೇ ಎಂಬುದನ್ನು ತೋಟವುಳ್ಳವರು ತಿಳಿದಿರುವುದು ಅವಶ್ಯಕವು.

ನಾವು ಅಣಬೆಯೆಂದು ಕೀಳುವುದು ಆ ಜೀವಿಯ ಫಲವನ್ನು ಮಾತ್ರ. ಅದರ ದೇಹವು ನೂಲಿಗಿಂತಲೂ ಸೂಕ್ಷ್ಮವಾದ ಎಳೆಗಳ ಜಾಲವಾಗಿ ಮಣ್ಣಿನಲ್ಲೋ ಮರದಲ್ಲೋ ಹರಡಿರುತ್ತದೆ. ಹಸಿರಿಲ್ಲದ ಕಾರಣ ತನ್ನ ಆಹಾರವನ್ನು ತಾನೇ ತಯಾರಿಸಲಾರದೆ ಅದು ಪರರನ್ನು ಆಶ್ರಯಿಸಬೇಕಾಗಿದೆ. ಕಲ್ಲಣಬೆಯ ಎಳೆಗಳು ಕಾಡುಮರಗಳ ಬೇರನ್ನು ಸುತ್ತಿಕೊಂಡು ನೀರನ್ನೂ ರಂಜಕದ ಸಾರವನ್ನೂ ಒದಗಿಸಿ, ಪ್ರತಿಯಾಗಿ ಮರದಿಂದ ಸಕ್ಕರೆಯನ್ನು ಪಡೆಯುತ್ತವೆ. ಕೀಳದೆ ಬಿಟ್ಟ ಕಲ್ಲಣಬೆಯು ಬಲಿತು, ಅದರ ಹೊರಸಿಪ್ಪೆಯು ನಕ್ಷತ್ರದಂತೆ ಬಿರಿದು, ಒಳಗಿನ ಪುಡಿ ಗಾಳಿಗೆ ಹಾರುತ್ತದೆ. ಆ ಪುಡಿಯ ಕಣಕಣವೂ ಒಂದು ಬೀಜಾಣು. ಹುತ್ತದ ಅಣಬೆಯನ್ನಾದರೋ ಗೆದ್ದಲುಗಳೇ ಬೇಸಾಯ ಮಾಡಿ ಸಾಕುತ್ತವೆ. ಗೊಬ್ಬರದ ಗುಂಡಿಯಲ್ಲಿ ಸೊಪ್ಪು, ಸೋಗೆ, ಹಾಳೆಗಳನ್ನು ಕರಗಿಸಿ ಸಾರವನ್ನು ಮಣ್ಣಿಗೆ ಮರಳಿಸುವುದರಲ್ಲಿಯೂ ಇದೇ ಬಳಗದ ಬೂಷ್ಟುಗಳ ಪಾಲು ದೊಡ್ಡದು. ಆದಕಾರಣ ಬೂಷ್ಟೆಲ್ಲವೂ ವೈರಿಯೆಂದು ಬಗೆಯುವುದು ಸರಿಯಲ್ಲ.

ಕೊಳೆರೋಗದ ಮಾತು ಬೇರೆ. ಮೈಸೂರು ಸಂಸ್ಥಾನದಲ್ಲಿ ಶಿಲೀಂಧ್ರಶಾಸ್ತ್ರಜ್ಞರಾಗಿದ್ದ ಲೆಸ್ಲಿ ಕೋಲ್ಮನ್ನರು 1910ರಲ್ಲಿ ಇದರ ಕಾರಣವನ್ನು ವಿವರಿಸಿ ಬರೆದರು. ಫೈಟಾಫ್ತೊರ ಎಂಬ ಈ ಜೀವಿಯನ್ನು ಈಗಿನ ಶಾಸ್ತ್ರಜ್ಞರು ನಿಜವಾದ ಶಿಲೀಂಧ್ರಗಳಿಂದ ಬೇರ್ಪಡಿಸಿ ಕೆಲವು ಪಾಚಿಗಳ ಸಂಬಂಧಿಯೆಂದು ಎಣಿಸುತ್ತಾರೆ. ಇದು ಬರಿಯ ಹೆಸರಿನ ತಕರಾರೆಂದು ತಳ್ಳಿಹಾಕುವಂತಿಲ್ಲ. ಏಕೆಂದರೆ ಇದರ ಬೀಜಾಣುವು ಎರಡು ಬಾಲಗಳ ಸಹಾಯದಿಂದ ನೀರಿನಲ್ಲಿ ಈಜಬಲ್ಲದು! ಕಾಯಿಯ ಮೇಲಿನ ತೆಳುವಾದ ನೀರಿನ ಪೊರೆಯೇ ಅದಕ್ಕೆ ಸಾಕು. ಮಳೆಯ ಹನಿ ಸಿಡಿದಂತೆಲ್ಲ ಅದು ಗೊನೆಯಿಂದ ಗೊನೆಗೆ ದಾಟುತ್ತದೆ. ಮಲೆನಾಡಿನ ಹಿರಿಯರು ಗೊನೆಗಳಿಗೆ ಕರಡದ ಕೊಟ್ಟೆಯನ್ನು ಕಟ್ಟಿ ನೀರು ತಾಗದಂತೆ ಮಾಡುತ್ತಿದ್ದುದರ ಮರ್ಮವು ಇದರಿಂದ ತಿಳಿಯುತ್ತದೆ.

ಬೋರ್ಡೋ ದ್ರಾವಣದಲ್ಲಿರುವ ತಾಮ್ರವು ಮೊಳೆಯುವ ಬೀಜಾಣುವನ್ನು ಕಾಯಿಯ ಹೊರಮೈಯಲ್ಲೇ ಕೊಲ್ಲುತ್ತದೆ. ಎಳೆಗಳು ಒಳಹೊಕ್ಕ ಮೇಲೆ ಎಷ್ಟು ಹೊಡೆದರೂ ಆ ಕಾಯಿ ಉಳಿಯದು. ಉದುರುವುದನ್ನು ಕಂಡು ಮದ್ದಿಗೆ ಹೊರಡುವವರು ಇದನ್ನು ಮನಸ್ಸಿನಲ್ಲಿಡಬೇಕು. ಮಳೆ ಹಿಡಿಯುವ ಮುನ್ನ ಒಮ್ಮೆ, 40-45 ದಿನಗಳ ತರುವಾಯ ಬಿಸಿಲು ಕಂಡಾಗ ಮತ್ತೊಮ್ಮೆ ಸಿಂಪಡಿಸತಕ್ಕದ್ದು. 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿಯೂ, 1 ಕಿಲೋ ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿಯೂ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆ ಕೂಡದು. ಉಜ್ಜಿದ ಚೂರಿಯನ್ನು ಅದ್ದಿದಾಗ ಕೆಂಬಣ್ಣ ಹತ್ತಿದರೆ ಸುಣ್ಣ ಸಾಲದೆಂದು ತಿಳಿಯಬೇಕು. ಮಾಡಿದ ದಿನವೇ ಮುಗಿಸತಕ್ಕದ್ದು.

ಉದುರಿದ ಕಾಯಿಗಳ ಮೇಲೆ ಬಿಳಿಯ ಬೂಷ್ಟು ಕಂಡರೆ ಅಲ್ಲಿ ಹೊಸ ಬೀಜಾಣುಗಳು ಹುಟ್ಟುತ್ತಿವೆಯೆಂದೇ ಅರ್ಥ. ಅವನ್ನೂ ಮರದಲ್ಲಿ ಒಣಗಿ ನಿಂತ ಗೊನೆಗಳನ್ನೂ ತೆಗೆದು ಸುಡಬೇಕು; ಮುಂದಿನ ವರ್ಷದ ರೋಗವು ಅಲ್ಲಿಯೇ ಅಡಗಿರುತ್ತದೆ. ಒಬ್ಬರು ಮದ್ದು ಹೊಡೆದು ಬೇಲಿಯಾಚೆಯವರು ಸುಮ್ಮನಿದ್ದರೆ ಗಾಳಿಮಳೆಯು ಬೇಲಿಯನ್ನು ಗಣಿಸದು. ಆದುದರಿಂದ ಊರಿನ ಮುಖಂಡರು ಮೇ ತಿಂಗಳಲ್ಲಿಯೇ ತೋಟದವರನ್ನು ಕೂಡಿಸಿ, ಮರ ಏರುವ ಆಳುಗಳನ್ನೂ ಸಿಂಪಡಿಸುವ ಸರದಿಯನ್ನೂ ಗೊತ್ತುಮಾಡುವುದು ಉಚಿತವು.